ಉದ್ದೇಶ: ಪರ್ಸನಲ್

ಪಾಕಿಸ್ತಾನದ ಗಡಿಗೆ ತಾಗಿದ ಕಛ್‌ನ ಬಿಳಿ ರಣ್‌ಗೆ ಹೋಗಿಬರುವುದು ವೈಟ್‌ಫೀಲ್ಡಿನಲ್ಲಿರುವ ಭಾವಮೈದುನನ ಮನೆಗೆ ಹೋಗಿಬರುವುದಕ್ಕಿಂತ ಸುಲಭ. ಎರಡೂ ಕಡೆ ಕಾರು ಓಡಿಸಿ ಬಂದವನಾದ್ದರಿಂದ ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಭುಜ್‌ನಿಂದ ಉತ್ತರಕ್ಕೆ ಹೊರಟರೆ ಭಿರಂಡಿಯಾರಾ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ ಚೆಕ್‌ಪೋಸ್ಟು. ಗುರುತಿನ ಚೀಟಿ ತೋರಿಸಿ, ಕಾರಿನ ನಂಬರು ಬರೆಸಿ, ದುಡ್ಡು ಕಟ್ಟಿದರೆ ಪರ್ಮಿಟ್ಟು ಕೈಗೆ ಬರುತ್ತದೆ. ಆ ಊರಿನ ಮಾವಾ ಎಂಬ ಹಾಲಿನ ಸಿಹಿ ಹೆಸರುವಾಸಿ. ಒಂದು ಕೈಯಲ್ಲಿ ಪರ್ಮಿಟ್ಟು, ಇನ್ನೊಂದರಲ್ಲಿ ಸಿಹಿಯ ಪೊಟ್ಟಣ ಹಿಡಿದು ಹೊರಟರೆ ಮುಂದೆ ಉಪ್ಪಿನ ಬಯಲು, ಮೇಲೆ ಆಕಾಶ, ಅಷ್ಟೆ. ಗಡಿ ಭದ್ರತಾ ಪಡೆಯವರ ಗಾಡಿ ಎದುರಾದರೂ ಯಾರೂ ಅಡ್ಡ ನಿಂತು ‘ಯಾರ ಮನೆಗೆ?’ ಎನ್ನುವುದಿಲ್ಲ. ರಣ್‌ನಲ್ಲಿ ಯಾರ ಮನೆಯೂ ಇಲ್ಲ ಎಂಬುದು ಬೇರೆ ಮಾತು.

ವೈಟ್‌ಫೀಲ್ಡಿನಲ್ಲಿ ಮನೆಗಳಿವೆ. ಆದ್ದರಿಂದ ಪ್ರಶ್ನೆಗಳೂ ಇವೆ. ಹನುಮಂತನಗರದಿಂದ ಹೊರಟು, ಮಾರತಹಳ್ಳಿ ಸೇತುವೆ ದಾಟಿ, ಕುಂದಲಹಳ್ಳಿಯ ಹತ್ತಿರ ಅರ್ಧ ಆಯುಷ್ಯ ಕಳೆದು ಭಾವಮೈದುನನ ಅಪಾರ್ಟ್‌ಮೆಂಟಿನ ಎದುರು ನಿಂತಾಗ ಕೆಂಪು ಬಿಳಿ ಪಟ್ಟೆಯ ಬೂಮ್ ಬ್ಯಾರಿಯರ್ ಮೂಗಿನ ಮುಂದೆ ಬಂದು ಕೂರುತ್ತದೆ. ‘ಯಾವ ಟವರ್ ಸಾರ್? ಫ್ಲಾಟ್ ನಂಬರ್?’ ಎರಡನ್ನೂ ಹೇಳಿದರೆ, ‘ಆ್ಯಪ್‌ನಲ್ಲಿ ಅಪ್ರೂವಲ್ ಬಂದಿಲ್ಲ ಸಾರ್, ಸ್ವಲ್ಪ ಸೈಡಿಗೆ ಹಾಕಿ.’ ಭಾವಮೈದುನ ಸ್ನಾನಕ್ಕೆ ಹೋಗಿರುತ್ತಾನೆ, ಫೋನು ಚಾರ್ಜಿಗೆ ಇರುತ್ತದೆ. ನಾವು ಸೈಡಿನಲ್ಲಿ ನಿಂತಿರುವಾಗ ಬಿರಿಯಾನಿ ಹೊತ್ತ ಹುಡುಗರು ಒಬ್ಬರ ಹಿಂದೆ ಒಬ್ಬರು ಸರಸರನೆ ಒಳಗೆ ಹೋಗುತ್ತಾರೆ. ಹಸಿದವರು ಅಪ್ರೂವಲ್ ಕೊಡಲು ತಡಮಾಡುವುದಿಲ್ಲ. ನೆಂಟರ ವಿಷಯದಲ್ಲಿ ಯಾರಿಗೂ ಅಷ್ಟು ಅವಸರವಿರುವುದಿಲ್ಲ.

ಅಪ್ರೂವಲ್ ಬಂದ ಮೇಲೆ ತಪಾಸಣೆ. ಉದ್ದನೆ ಕೋಲಿಗೆ ಚಕ್ರವಿರುವ ಕನ್ನಡಿ ಸಿಕ್ಕಿಸಿ ಕಾರಿನ ಹೊಟ್ಟೆಯಡಿ ತೂರಿಸುತ್ತಾರೆ. ಅಲ್ಲಿ ಅವರಿಗೆ ಕಾಣುವುದು ತುಕ್ಕು ಹಿಡಿದ ಸೈಲೆನ್ಸರು. ಅದನ್ನು ನೋಡಿ ಯಾರೂ ಏನೂ ಅಂದದ್ದಿಲ್ಲ. ‘ಡಿಕ್ಕಿ ಓಪನ್ ಮಾಡಿ ಸಾರ್.’ ಒಮ್ಮೆ ಡಿಕ್ಕಿಯಲ್ಲಿ ಗೋಣಿತಾಟಿನ ಮೇಲೆ ಮಲಗಿಸಿದ್ದ ಹಲಸಿನಹಣ್ಣು ಇತ್ತು. ತೂಬಗೆರೆ ಕಡೆಯದು, ಘಮಘಮ ಎನ್ನುತ್ತಿತ್ತು. ಕಾವಲಿನ ಹುಡುಗ ಒಂದು ಹೆಜ್ಜೆ ಹಿಂದೆ ಸರಿದು, ಕನ್ನಡಿಯ ಕೋಲಿನಿಂದಲೇ ಅದನ್ನು ಮೆಲ್ಲಗೆ ಮುಟ್ಟಿದ.

‘ಏನ್ರೀ ಸರ ಇದು?’

‘ಹಲಸಿನಹಣ್ಣಪ್ಪ.’

‘ಹೌದೇನ್ರೀ? ನಮ್ ಕಡಿ ಇದು ಬೆಳಿಯೂದಿಲ್ರಿ. ಇದರೊಳಗ ತೊಳಿ ಎಷ್ಟ್ ಇರ್ತಾವ್ರಿ?’

ಯಾದಗಿರಿ ಕಡೆಯ ಹುಡುಗ. ಗೇಟಿನಲ್ಲಿ ನನಗೆ ಕೇಳಿದ ಪ್ರಶ್ನೆಗಳಲ್ಲೆಲ್ಲ ಉತ್ತರ ಬೇಕೆಂದೇ ಕೇಳಿದ್ದು ಅದೊಂದೇ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಿದ್ದರೂ ನಾನು ಬೀಜ ಬೇಯಿಸಿ ಸಾರು ಮಾಡುವ ತನಕ ವಿವರಿಸಿದೆ.

ಇಷ್ಟಾದರೂ ರಿಜಿಸ್ಟರು ತಪ್ಪುವುದಿಲ್ಲ. ಆ್ಯಪ್ ಇರುವುದು ಅಪಾರ್ಟ್‌ಮೆಂಟಿನವರ ಸಮಾಧಾನಕ್ಕೆ, ರಿಜಿಸ್ಟರು ಏಜೆನ್ಸಿಯವರ ಸಮಾಧಾನಕ್ಕೆ. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೆನ್ನು, ದಾರ ಕಟ್ಟಿದ ಬಾಲ್‌ಪೆನ್ನು. ದಾರ ಯಾವಾಗಲೂ ಕೊನೆಯ ಕಾಲಮ್ಮಿಗೆ ಎರಡು ಬೆರಳು ಕಡಿಮೆ ಬೀಳುತ್ತದೆ, ಹಾಗಾಗಿ ಸಹಿ ಮಾಡುವಾಗ ಪುಸ್ತಕವನ್ನೇ ಎಳೆದುಕೊಳ್ಳಬೇಕು. ಹೆಸರು, ಗಾಡಿ ನಂಬರು, ಫೋನು, ಯಾರನ್ನು ನೋಡಬೇಕು, ಬಂದ ಹೊತ್ತು, ಹೋದ ಹೊತ್ತು, ಬಂದ ಉದ್ದೇಶ. ನನಗೆ ಈ ಉದ್ದೇಶದ ಕಾಲಮ್ಮು ಓದುವ ಚಟ. ‘ಎಸಿ ರಿಪೇರಿ’, ‘ಟ್ಯೂಷನ್’, ‘ಸತ್ಯನಾರಾಯಣ ಪೂಜೆ’, ‘ಮೀಟಿಂಗ್’. ಒಬ್ಬ ಪುಣ್ಯಾತ್ಮ ‘ಹೆಣ್ಣು ನೋಡಲು’ ಎಂದು ಬರೆದಿದ್ದ. ಹೋದ ಹೊತ್ತಿನ ಕಾಲಮ್ಮು ನೋಡಿದರೆ ಹತ್ತೇ ನಿಮಿಷಕ್ಕೆ ಹೊರಗೆ ಬಂದಿದ್ದ. ಉಳಿದವರೆಲ್ಲ ‘ಪರ್ಸನಲ್’, ಅದರ ಕೆಳಗೆ ಪುಟದುದ್ದಕ್ಕೂ ಡಿಟ್ಟೋ ಗುರುತು. ನಾನು ಪೆನ್ನು ಹಿಡಿದು ಯೋಚಿಸುತ್ತಿದ್ದಾಗ ನಮ್ಮಾಕೆ ಕಾರಿನೊಳಗಿಂದಲೇ, ‘ಅಪ್ಪನ ಸೈಟಿನ ವಿಷಯ ಮಾತಾಡೋಕೆ ಅಂತ ಬರೀರಿ, ಅವನೂ ಓದಲಿ’ ಎಂದಳು. ನಾನೂ ಡಿಟ್ಟೋ ಹಾಕಿದೆ.

ಹಾಗೆ ನೋಡಿದರೆ ಈ ಪ್ರಶ್ನೆಗಳೇನೂ ಹೊಸವಲ್ಲ. ಯಾವ ಹಳ್ಳಿಗೆ ಹೋದರೂ ಅರಳಿಕಟ್ಟೆಯ ಮೇಲೆ ಕೂತ ಹಿರಿಯರು ಇವನ್ನೇ ಕೇಳುತ್ತಿದ್ದರು. ‘ಯಾವೂರಾಯ್ತಪ್ಪಾ? ಯಾರ ಮನೆಗೆ? ಯಾರ ಪೈಕಿ?’ ಮೂರನೆಯ ಪ್ರಶ್ನೆ ಮುಗಿಯುವಷ್ಟರಲ್ಲಿ ನಿಮ್ಮ ಅಜ್ಜಿಯ ತವರು, ಅಲ್ಲಿ ಮಾರಿದ ಗದ್ದೆ, ಆ ಗದ್ದೆಯ ವ್ಯಾಜ್ಯ ಎಲ್ಲವೂ ಹೊರಗೆ ಬಂದಿರುತ್ತಿತ್ತು. ಅದೂ ಒಂದು ಬಗೆಯ ಪೊಲೀಸುಗಿರಿಯೇ, ಸಂದೇಹವಿಲ್ಲ. ಕದಿಯಲು ಬಂದವನು ಅಲ್ಲೇ ತೊದಲುತ್ತಿದ್ದ. ನೆಂಟನಾಗಿ ಬಂದವನಿಗೆ ಮಾತ್ರ ಬೆಲ್ಲ, ನೀರು ಸಿಕ್ಕು, ಮನೆಯ ತನಕ ಒಬ್ಬ ಹುಡುಗ ಜೊತೆಗೆ ಬರುತ್ತಿದ್ದ. ಕೇಳಿದವನು ಉತ್ತರವನ್ನು ಏನಾದರೊಂದಕ್ಕೆ ಬಳಸಿಕೊಳ್ಳುತ್ತಿದ್ದ. ಅಪಾರ್ಟ್‌ಮೆಂಟಿನ ರಿಜಿಸ್ಟರನ್ನು ಯಾರು ಓದುತ್ತಾರೆ? ಯಾದಗಿರಿಯ ಹುಡುಗನನ್ನೇ ವಿಚಾರಿಸಿದೆ. ‘ತುಂಬಿದ ಮ್ಯಾಲ ಆಫೀಸಿನ್ಯಾಗ ಇಡ್ತಾರ್ರಿ. ಆಮ್ಯಾಲ ರದ್ದಿಗ್ ಹಾಕ್ತಾರ್ರಿ’ ಎಂದ. ನನ್ನ ಉದ್ದೇಶಗಳೆಲ್ಲ ಎಷ್ಟು ಕೆಜಿ ತೂಗಿದವೋ!

ವೈಟ್‌ಫೀಲ್ಡ್ ಹುಟ್ಟಿದ್ದೇ ಒಂದು ಬಗೆಯ ಪ್ರತ್ಯೇಕ ಬಡಾವಣೆಯಾಗಿ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಬೇಸಾಯ ಮಾಡಿಕೊಂಡು ತಮ್ಮ ಪಾಡಿಗೆ ತಾವಿರಲಿ ಎಂದು. ಸಂಘ ಕಟ್ಟಿದ ವೈಟ್ ಎಂಬಾತನ ಹೆಸರು ಊರಿಗೆ ಬಂತು. ನಡುವೆ ಗುಂಡನೆಯ ಬಯಲು, ಸುತ್ತ ಹೆಂಚಿನ ಮನೆಗಳು, ಹಣ್ಣಿನ ಮರ. ಆ ಇನ್ನರ್ ಸರ್ಕಲ್ ಈಗಲೂ ಇದೆ. ಅಲ್ಲಿ ಕಾರು ನಿಲ್ಲಿಸಿದರೆ ಯಾರೂ ಏನೂ ಕೇಳುವುದಿಲ್ಲ. ಬೇಲಿ ಹಾಕಿಕೊಂಡು ದೂರ ಇರಲೆಂದೇ ಬಂದವರ ಊರು ಮುಕ್ತವಾಗಿದೆ, ‘ಕಮ್ಯುನಿಟಿ ಲಿವಿಂಗ್’ ಎಂದು ಬೋರ್ಡು ಹಾಕಿದ ಕಡೆಯಲ್ಲೆಲ್ಲ ಬ್ಯಾರಿಯರ್ ಇದೆ.

ರಣ್‌ಗೆ ಹೋಲಿಸಿದಿರಿ, ಕಾವಲು ಸರಿ, ಮರಳುಗಾಡು ಎಲ್ಲಿ ಎಂದು ನೀವು ಕೇಳಬಹುದು. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡಿಗೆ ಬಂದಿದ್ದರೆ ಕೇಳುತ್ತಿರಲಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾಗಿದ್ದವು. ಬೆಂಗಳೂರಿನ 13,900 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕಾವೇರಿ ಇನ್ನೂ ಮುಟ್ಟದಿದ್ದ ಹೊರವಲಯದ ಬಡಾವಣೆಗಳು ಟ್ಯಾಂಕರಿನ ದಾರಿ ಕಾಯುತ್ತ ಕೂತವು. ಜಿಲ್ಲಾಡಳಿತ ದರ ಗೊತ್ತುಮಾಡಿತು: ಐದು ಕಿಲೋಮೀಟರ್ ಒಳಗೆ ಆರು ಸಾವಿರ ಲೀಟರಿಗೆ 600 ರೂಪಾಯಿ, ಹನ್ನೆರಡು ಸಾವಿರಕ್ಕೆ 1,000. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ವೈಟ್‌ಫೀಲ್ಡಿನ ಒಂದು ಬಡಾವಣೆಯವರು ನೀರು ಪೋಲು ಮಾಡುವವರ ಮೇಲೆ ಕಣ್ಣಿಡಲು ಪ್ರತ್ಯೇಕ ಕಾವಲುಗಾರನನ್ನೇ ಇಡುವುದಾಗಿ ಪ್ರಕಟಿಸಿದರು. ನಲ್ಲಿಗೆ ಸೆಕ್ಯುರಿಟಿ! ಆ ದಿನಗಳಲ್ಲಿ ಭಾವಮೈದುನನ ಮನೆಗೆ ಹೋದಾಗ ಹಲಸಿನಹಣ್ಣಿನ ಬದಲು ಎರಡು ಕ್ಯಾನು ನೀರು ಒಯ್ದೆವು. ಅಪ್ರೂವಲ್ ಅರೆಗಳಿಗೆಯಲ್ಲಿ ಬಂತು. ಅವನೇ ಕೆಳಗಿಳಿದು ಬಂದು, ‘ಬನ್ನಿ ಭಾವ, ಬನ್ನಿ ಬನ್ನಿ’ ಎಂದು ಕ್ಯಾನು ಇಳಿಸಿಕೊಂಡ. ನಮ್ಮಾಕೆಗೆ ಆಮೇಲೆ ‘ನೀನೂ ಬಾರಕ್ಕ’ ಎಂದ. ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಯಿತು. ನಮ್ಮ ಬೆಲೆ ಮತ್ತೆ ಮೊದಲಿನಂತಾಯಿತು.

ನೀರಿಲ್ಲದ ಮರಳುಗಾಡು ಎಲ್ಲ ಕಡೆಯೂ ಇದೆ, ನೀರಿಗೇ ಬೆಂಕಿ ಹತ್ತುವ ಊರು ನಮ್ಮದು. ವೈಟ್‌ಫೀಲ್ಡಿನಿಂದ ವರ್ತೂರು ಕೋಡಿಯ ಮೇಲೆ ವಾಪಸು ಬರುವಾಗ ಕೆರೆಯ ನೊರೆ ಹಾರಿಬಂದು ಕಾರಿನ ಗಾಜಿಗೆ ಮೆತ್ತಿಕೊಳ್ಳುತ್ತಿದ್ದ ಕಾಲವೊಂದಿತ್ತು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಆರಿಸಲು ಸೈನಿಕರೇ ಬರಬೇಕಾಯಿತು. ಗಡಿಯಲ್ಲಿ ದೇಶ ಕಾಯುವವರು ಇಲ್ಲಿ ಬಂದು ಕೆರೆಯನ್ನು ಅದರ ಬೆಂಕಿಯಿಂದ ಕಾಯ್ದರು.

ಇನ್ನು ನಿಜವಾದ ಪೊಲೀಸರ ವಿಷಯ. ಹೊರವಲಯದಲ್ಲಿ ಖಾಕಿಗಿಂತ ನೀಲಿ ಬೂದು ಅಂಗಿಯ ಖಾಸಗಿ ಸೆಕ್ಯುರಿಟಿಯವರೇ ಹೆಚ್ಚು ಕಾಣುತ್ತಾರೆ. ಅವರಿಗೆಂದೇ 2005ರ ಕಾಯಿದೆಯೊಂದಿದೆ. ಖಾಸಗಿ ಕಾವಲುಗಾರ ಪೊಲೀಸರಂತೆಯೋ ಸೈನಿಕರಂತೆಯೋ ಕಾಣುವ ಉಡುಪು ತೊಟ್ಟರೆ ಅವನಿಗೂ ಅವನ ಏಜೆನ್ಸಿ ನಡೆಸುವವರಿಗೂ ಒಂದು ವರ್ಷದವರೆಗೆ ಜೈಲಾಗಬಹುದು. ಅದೇ ಬೆಂಗಳೂರಿನಲ್ಲಿ 2019ರ ನವೆಂಬರಿನಲ್ಲಿ ಸಂಚಾರಿ ಪೊಲೀಸರು ಬಟ್ಟೆ ಅಂಗಡಿಯ ಬೊಂಬೆಗಳಿಗೆ ಟೋಪಿ, ಬೂಟು, ಕಪ್ಪು ಕನ್ನಡಕ, ಹೊಳೆಯುವ ಜಾಕೀಟು ತೊಡಿಸಿ ಜಂಕ್ಷನ್ನುಗಳಲ್ಲಿ ನಿಲ್ಲಿಸಿದರು. ಮನುಷ್ಯ ಪೊಲೀಸನಂತೆ ಕಂಡರೆ ಅಪರಾಧ, ಬೊಂಬೆ ಹಾಗೆ ಕಾಣದಿದ್ದರೆ ಕೆಲಸ ಕೆಟ್ಟಂತೆ. ಮೊದಲ ವಾರ ಜನ ಬೊಂಬೆಗೆ ಹೆದರಿ ಹೆಲ್ಮೆಟ್ ಹಾಕಿಕೊಂಡರು. ಎರಡನೆಯ ವಾರ ಸೆಲ್ಫಿ ತೆಗೆಸಿಕೊಂಡರು. ಆಮೇಲೆ ಮರದ ನೆರಳಿನಲ್ಲಿ ಅಲುಗಾಡದೆ ನಿಂತಿದ್ದ ನಿಜವಾದ ಪೇದೆಯನ್ನೇ ಬೊಂಬೆ ಎಂದುಕೊಂಡು ಸಿಗ್ನಲ್ ಹಾರಿಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ, ಹೆಸರು ಬೇಡ. ಈಗ ಆ ಕೆಲಸಕ್ಕೆ ಕ್ಯಾಮೆರಾಗಳು ಬಂದಿವೆ. ಅವು ಫೋಟೋ ಹಿಡಿದು ಮನೆಗೆ ಕಳಿಸುತ್ತವೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಘೋಷಿಸಿದಾಗ ಬೆಂಗಳೂರಿನವರು ಆಷಾಢದ ಸೀರೆ ಸೇಲಿಗೆ ನಿಂತಂತೆ ಸಾಲು ನಿಂತು ಕಟ್ಟಿದರು. ‘ಇನ್ನೂ ಒಂದೆರಡು ಸಿಗ್ನಲ್ ಹಾರಿಸಿದ್ದರೆ ಚೆನ್ನಾಗಿತ್ತು, ಒಳ್ಳೇ ರೇಟು’ ಎಂದು ಸಾಲಿನಲ್ಲಿ ನನ್ನ ಮುಂದಿದ್ದವರು ಪೇಚಾಡಿದರು.

ಗೇಟಿನ ವಿಷಯದಲ್ಲಿ ಕಾರ್ಖಾನೆಗಳ ಪೀಣ್ಯದ ನಮೂನೆಯೇ ಬೇರೆ. ಅಲ್ಲಿ ನನ್ನ ಗೆಳೆಯನದೊಂದು ಲೇಥ್ ಶಾಪ್ ಇದೆ. ತುಮಕೂರು ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಎಣ್ಣೆಯ ವಾಸನೆ, ಪೌಡರ್ ಕೋಟಿಂಗಿನ ಒಲೆಯ ಕಾವು, ಕಬ್ಬಿಣ ಕೊಯ್ಯುವ ಕಿರ್ರ್ ಸದ್ದು. ಗೇಟಿನಲ್ಲಿ ಮಾಗಡಿ ಕಡೆಯ ತಾತ, ಕಾಲ ಬಳಿ ಎರಡು ನಾಯಿ. ‘ಬನ್ನಿ ಬನ್ನಿ, ಸಾವ್ಕಾರ್ರು ಒಳಗೇ ಅವ್ರೆ. ಟೀ ಹೇಳ್ಲಾ?’ ಹೆಸರಿಲ್ಲ, ನಂಬರಿಲ್ಲ, ಕನ್ನಡಿಯ ಕೋಲಿಲ್ಲ. ಆದರೆ ಹೊರಗೆ ಬರುವಾಗ ನೋಡಬೇಕು! ಶಿಫ್ಟು ಮುಗಿದು ಹೊರಟವರ ಜೇಬು ತಟ್ಟಿ, ಊಟದ ಡಬ್ಬಿ ಅಲುಗಾಡಿಸಿ, ಟೆಂಪೋದವನ ಡೆಲಿವರಿ ಚಲನ್ ಪುಸ್ತಕಕ್ಕೂ ಟೆಂಪೋದಲ್ಲಿರುವ ಮಾಲಿಗೂ ತಾಳೆ ನೋಡಿ, ಆಮೇಲೆ ಬಿಡುತ್ತಾರೆ. ಗೇಟ್ ಪಾಸ್ ಇಲ್ಲದೆ ಒಂದು ನಟ್ಟು ಹೊರಗೆ ಹೋಗುವಂತಿಲ್ಲ. ಹಿತ್ತಾಳೆಯ ಚೂರಿಗೂ ಕೆಜಿ ಲೆಕ್ಕವಿದೆ. ತಾತ ನನ್ನ ಜೇಬನ್ನೂ ಗೌರವದಿಂದಲೇ ತಟ್ಟಿ, ‘ತಪ್ಪು ತಿಳ್ಕೋಬೇಡಿ ಬುದ್ಧಿ’ ಎಂದ. ಅಲ್ಲಿಗೆ ನನಗೊಂದು ಸೂತ್ರ ಹೊಳೆಯಿತು: ವೈಟ್‌ಫೀಲ್ಡಿನವರಿಗೆ ನಾವು ಏನು ತರುತ್ತೇವೋ ಎಂಬ ಭಯ, ಪೀಣ್ಯದವರಿಗೆ ಏನು ಒಯ್ಯುತ್ತೇವೋ ಎಂಬ ಭಯ. ಒಯ್ಯುವಂಥದ್ದು ನಮ್ಮ ಊರಿನಲ್ಲಿ ತಯಾರಾಗುತ್ತದೆ ಎಂಬುದೇ ಒಂದು ಬಗೆಯ ಹೆಮ್ಮೆ.

ಪೀಣ್ಯದ ಮೇಲ್ಸೇತುವೆಯದೂ ಒಂದು ಕಥೆ. 2021ರ ಡಿಸೆಂಬರಿನಲ್ಲಿ ಅದರೊಳಗಿನ ಕೇಬಲ್ಲುಗಳಲ್ಲಿ ದೋಷ ಕಂಡು ಸಂಚಾರ ನಿಲ್ಲಿಸಿದರು. ಕಾರು, ಬೈಕುಗಳಿಗೆ ಮುಂದಿನ ಫೆಬ್ರವರಿಯಲ್ಲಿ ದಾರಿ ಸಿಕ್ಕಿತು. ಬಸ್ಸು ಲಾರಿಗಳು ಕಾದದ್ದು 2024ರ ಜುಲೈವರೆಗೆ. ಮೊದಲ ದಿನಗಳಲ್ಲಿ ಮೇಲೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದದ ಖಾಲಿ ರಸ್ತೆ, ಅದಕ್ಕೆ ಪೊಲೀಸ್ ಕಾವಲು. ಕೆಳಗೆ ಕಿಕ್ಕಿರಿದ ಗಾಡಿಗಳು. ರಣ್‌ನಷ್ಟು ನಿರ್ಜನವಾದ ಜಾಗ ಬೆಂಗಳೂರಿನಲ್ಲಿ ಆಗ ಅದೊಂದೇ.

ಮೂರನೆಯ ಸೀಮೆ ಎಲೆಕ್ಟ್ರಾನಿಕ್ ಸಿಟಿ. ಸರ್ಕಾರಿ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ 1978ರಲ್ಲಿ ಇದನ್ನು ಶುರುಮಾಡಿದಾಗ ಸುತ್ತ ರಾಗಿಯ ಹೊಲ. ಈಗ ಅಲ್ಲಿಗೆ ಹೋಗಲು 2010ರಲ್ಲಿ ತೆರೆದ ಹತ್ತು ಕಿಲೋಮೀಟರಿನ ಎತ್ತರದ ರಸ್ತೆಯಿದೆ, ಅದಕ್ಕೆ ಟೋಲಿದೆ. ಮಗಳ ಕಂಪನಿಯಲ್ಲಿ ಮನೆಯವರಿಗೆಂದು ಒಂದು ದಿನ ಏರ್ಪಾಡು ಮಾಡಿದ್ದರು. ಕುತ್ತಿಗೆಗೆ ಕೆಂಪು ‘ವಿಸಿಟರ್’ ಪಟ್ಟಿ ಹಾಕಿ, ಮಗಳೇ ನಮ್ಮನ್ನು ಕರೆದುಕೊಂಡು ಓಡಾಡಬೇಕು, ಒಂಟಿಯಾಗಿ ಎಲ್ಲಿಯೂ ಹೋಗಬಾರದು ಎಂದರು. ಅವಳು ನಡೆಯಲು ಕಲಿಯುವಾಗ ನಾವು ಮಾಡಿದ್ದ ಕಾನೂನೂ ಅದೇ. ಗುಟ್ಟಾಗಿ ಫೋಟೋ ತೆಗೆಯಬಾರದೆಂದು ಫೋನಿನ ಕ್ಯಾಮೆರಾ ಕಣ್ಣಿಗೆ ಒಂದು ಸ್ಟಿಕ್ಕರ್ ಅಂಟಿಸುತ್ತಾರೆ. ನನ್ನದು ಗುಂಡಿ ಒತ್ತುವ ಹಳೆಯ ಫೋನು, ಅದಕ್ಕೆ ಕ್ಯಾಮೆರಾ ಇಲ್ಲ. ಹುಡುಗಿ ಹಿಂದೆ ಮುಂದೆ ತಿರುಗಿಸಿ ನೋಡಿದಳು, ಸೂಪರ್‌ವೈಸರನ್ನು ಕರೆದಳು. ಇಬ್ಬರೂ ಸಮಾಲೋಚನೆ ಮಾಡಿದರು. ಸ್ಟಿಕ್ಕರ್ ಇಲ್ಲದೆ ಬಿಡುವಂತಿಲ್ಲ, ಅಂಟಿಸಲು ಜಾಗವಿಲ್ಲ. ಕೊನೆಗೆ ಬ್ಯಾಟರಿಯ ಮುಚ್ಚಳದ ನಡುಮಧ್ಯೆ, ಹಣೆಗೆ ಬೊಟ್ಟಿಟ್ಟಂತೆ, ಒಂದನ್ನು ಅಂಟಿಸಿ ಕಳಿಸಿದರು. ಅದು ಇನ್ನೂ ಹಾಗೇ ಇದೆ.

ಅಲ್ಲಿಂದ ಬೇಗೂರು ದೂರವಲ್ಲ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲೊಂದಿದೆ. ಬೆಂಗಳೂರು ಎಂಬ ಹೆಸರು ಕಾಣುವ ಅತಿ ಹಳೆಯ ಶಾಸನ ಅದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬ ಒಡೆಯನ ಮನೆಯ ಆಳೊಬ್ಬ ಸತ್ತ ಎಂಬ ಸುದ್ದಿ ಅದರಲ್ಲಿದೆ. ಊರು ಕಟ್ಟಿದವನದ್ದಲ್ಲ, ಆಳಿದವನದ್ದಲ್ಲ, ಇನ್ನೊಬ್ಬರ ಮನೆಯ ಪರವಾಗಿ ನಿಂತಂಥ ಒಬ್ಬನ ನೆನಪಿನಿಂದ ಈ ಊರಿನ ಹೆಸರು ಶುರುವಾಗುತ್ತದೆ. ಅವನನ್ನಾದರೂ ಕಲ್ಲಿನಲ್ಲಿ ಬರೆದರು. ಈಗಿನವರು ಬರೆಯುವ ಪುಸ್ತಕ ರದ್ದಿಗೆ ಹೋಗುತ್ತದೆ, ಅದರಲ್ಲೂ ಇರುವುದು ನಮ್ಮ ಹೆಸರು, ಅವರದ್ದಲ್ಲ. ಯಾದಗಿರಿಯ ಹುಡುಗ ನಲ್ಲೂರಹಳ್ಳಿಯ ಶೀಟಿನ ಮನೆಯಲ್ಲಿ ಆರು ಜನರ ಜೊತೆ ಇದ್ದು, ಹನ್ನೆರಡು ತಾಸು ಗೇಟಿನಲ್ಲಿ ನಿಲ್ಲುತ್ತಾನೆ. ‘ಒಳಗ ಮನಿ ಹೆಂಗ ಅದಾವೋ ನೋಡಿಲ್ರಿ’ ಎಂದಿದ್ದ. ಆ ಸೀಮೆಯಲ್ಲಿ ನನಗಿಂತ ದೊಡ್ಡ ಪ್ರವಾಸಿ ಅವನೇ.

ಬೇಗೂರಿನ ಗುಡಿಯಲ್ಲಿ ಅರ್ಚನೆ ಮಾಡಿಸಿದೆವು. ಅರ್ಚಕರೂ ಕೇಳಿದರು: ‘ಹೆಸರು? ಗೋತ್ರ? ನಕ್ಷತ್ರ?’ ಆದರೆ ಕೇಳಿದ್ದನ್ನೆಲ್ಲ ಒಂದನ್ನೂ ಬಿಡದೆ ಗಟ್ಟಿಯಾಗಿ ಒಳಕ್ಕೆ ಮುಟ್ಟಿಸಿದರು. ಅಪ್ರೂವಲ್ ಬಂತೋ ಇಲ್ಲವೋ ಗೊತ್ತಾಗಲಿಲ್ಲ, ಹೇಳಿದ್ದನ್ನು ಹೇಳಬೇಕಾದವರಿಗೆ ಹೇಳಿದರಲ್ಲ, ಅಷ್ಟು ಸಾಕು.

ಈಗ ಈ ಗೇಟು, ಕಾವಲಿನ ಗಾಳಿ ನಮ್ಮ ಬೀದಿಗೂ ಬೀಸಿದೆ. ಹೋದ ತಿಂಗಳು ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ, ಉದ್ಯಾನದ ಪಕ್ಕದ ರಸ್ತೆಗೆ ಗೇಟು ಹಾಕಿಸಿ ಸೆಕ್ಯುರಿಟಿ ಇಡಬೇಕೆಂದು ಕಾರ್ಯದರ್ಶಿಗಳು ಸೂಚಿಸಿದರು. ಗೇಟು ಬೇಕಾದರೆ ಇರಲಿ, ಅದರ ಪಕ್ಕ ಒಂದು ಕಲ್ಲುಬೆಂಚು ಹಾಕಿಸೋಣ, ಕಾವಲಿನವನೂ ಕೂರಲಿ, ಬಂದವರೂ ಕೂತು ಯಾವೂರು ಎತ್ತ ಎಂದು ಹೇಳಲಿ ಎಂದೆ ನಾನು. ಅಂಗಡಿಗಳಲ್ಲಿ ದುಡಿಯುವವರಿಗೆ ಕೂರುವ ಹಕ್ಕು ಕೊಟ್ಟು ಕೇರಳ 2018ರಲ್ಲೇ ಕಾನೂನು ಮಾಡಿತು, ತಮಿಳುನಾಡು 2021ರಲ್ಲಿ ಮಾಡಿತು ಎಂದೂ ಸೇರಿಸಿದೆ. ಖಜಾಂಚಿಗಳು, ‘ಕೂತರೆ ನಿದ್ದೆ ಮಾಡ್ತಾನೆ ಸಾರ್’ ಎಂದರು. ನಿಂತೇ ನಿದ್ದೆ ಮಾಡುವವರನ್ನು ನಾನು ನೋಡಿದ್ದೇನೆಂದು ಹೇಳಿದ್ದು ನಡಾವಳಿಯಲ್ಲಿ ದಾಖಲಾಗಲಿಲ್ಲ. ಬೆಂಚಿನ ವಿಷಯ ಮುಂದಿನ ಸಭೆಗೆ ಹೋಯಿತು. ಗೇಟಿಗೆ ಪಾಲಿಕೆಯ ಒಪ್ಪಿಗೆ ಬೇಕಂತೆ, ಅದೂ ಮುಂದಕ್ಕೆ ಹೋಯಿತು. ರಿಜಿಸ್ಟರು ಮಾತ್ರ ಮಾರನೆಯ ದಿನವೇ ಬಂತು. ಕೆಂಪು ಬಟ್ಟೆಯ ಬೆನ್ನು, ದಾರ ಕಟ್ಟಿದ ಪೆನ್ನು. ಕಾರ್ಯದರ್ಶಿಗಳ ಮನೆಯ ಜಗುಲಿಯ ಮೇಲಿದೆ. ಮೊನ್ನೆ ಚಂದಾ ಕೊಡಲು ಹೋದಾಗ ಬರೆಯಲೇಬೇಕೆಂದರು. ಉದ್ದೇಶದ ಕಾಲಮ್ಮಿನಲ್ಲಿ ಈ ಸಲ ಸುಮ್ಮನೆ ಡಿಟ್ಟೋ ಹಾಕಲು ಮೇಲೆ ಯಾರದೂ ಹೆಸರಿರಲಿಲ್ಲ. ‘ಬೆಂಚಿನ ವಿಷಯ ಏನಾಯಿತು ಎಂದು ಕೇಳಲು’ ಎಂದು ಬರೆದೆ. ಅವರು ಓದಲಿಲ್ಲ.